ಕೊಳದ ರೀಲು

ತೆರೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು.

ಸಮುದಾಯ ಭವನದ ಕಿಟಕಿಗಳಿಗೆ ಕಪ್ಪು ಪರದೆ ಎಳೆದು, ಬಡಾವಣೆಯ ಚಿತ್ರ ಸಮಾಜದವರು ಭಾನುವಾರದ ಪ್ರದರ್ಶನಕ್ಕೆ ತಾಲೀಮು ನಡೆಸುತ್ತಿದ್ದರು. ಮೊದಲ ಸಾಲಿನಲ್ಲಿ ಟೈಲರಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಪ್ರೊಜೆಕ್ಟರ್ ಟಕಟಕ ಓಡುತ್ತಲೇ ಇತ್ತು. ಚಿತ್ರ ಮಾತ್ರ ಬರಲಿಲ್ಲ.

"ಶುರುವಲ್ಲಿ ಸ್ವಲ್ಪ ಖಾಲಿ ಇರುತ್ತೆ," ಎಂದ ಆಪರೇಟರ್, ಯಾರೂ ಕೇಳದಿದ್ದರೂ.

ಇನ್ನೂ ಸ್ವಲ್ಪ ಹೊತ್ತು ಓಡಿತು. ಆತ ಯಂತ್ರ ನಿಲ್ಲಿಸಿ, ಪಟ್ಟಿಯನ್ನು ಬೆರಳಲ್ಲಿ ಹಿಡಿದು ದೀಪಕ್ಕೆ ಒಡ್ಡಿದ. ಮುಖ ಸಣ್ಣದಾಯಿತು.

"ಇದು ಆ ರೀಲಲ್ಲ. ರೀಲಿನ ಮುಂದೆ ಅಂಟಿಸೋ ಖಾಲಿ ಪಟ್ಟಿ ಇದು. ಯಾರೋ ಇದನ್ನೇ ಸುತ್ತಿ ಡಬ್ಬಿಲಿ ಇಟ್ಟಿದಾರೆ."

"ಹಾಗಾದ್ರೆ ಅಮ್ಮ ಎಲ್ಲಿ?" ಎಂದಳು ಟೈಲರಮ್ಮ.

ಹಿಂದಿನ ಸಾಲಿನಲ್ಲಿದ್ದ ಸುದ್ದಿಯಕ್ಕ ಎದ್ದು ಬಂದು ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡಳು.

ಸುದ್ದಿಯಕ್ಕ ಎಂದರೆ ಬಡಾವಣೆಯ ಒಂದು ಹಾಳೆಯ ವಾರಪತ್ರಿಕೆಯ ಸಂಪಾದಕಿ, ವರದಿಗಾರ್ತಿ, ಹಂಚುವವಳು ಎಲ್ಲವೂ. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಬೆಕ್ಕು ಕಾಣೆಯಾಗಿದೆ ಎಂಬುದರಿಂದ ಹಿಡಿದು ಎಲ್ಲವೂ ಅದರಲ್ಲಿ ಬರುತ್ತಿತ್ತು. ಈ ವಾರದ ಹಾಳೆಯನ್ನು ಅವಳು ಬುಧವಾರವೇ ಭವನದ ಬಾಗಿಲಿಗೆ ಅಂಟಿಸಿದ್ದಳು. ಬೂದು ಬೆಕ್ಕು ಸಿಕ್ಕಿದೆ. ಗುರುವಾರ, ಶುಕ್ರವಾರ ಈಜುಕೊಳ ಸ್ವಚ್ಛತೆಗಾಗಿ ಬಂದ್. ಮೂರನೇ ಅಡ್ಡರಸ್ತೆಯ ದೀಪ ಇನ್ನೂ ಉರಿಯುತ್ತಿಲ್ಲ. ಭಾನುವಾರ ಸಂಜೆ ಹಳೆಯ 'ಬೀದಿ ಸುದ್ದಿ' ಚಿತ್ರಗಳ ಪ್ರದರ್ಶನ, ಎಲ್ಲರೂ ಬನ್ನಿ. ಬೆಕ್ಕನ್ನು ಪತ್ತೆ ಮಾಡಿದವಳೂ ಅವಳೇ. ಕಳೆದುಹೋದದ್ದರ ವಾಸನೆ ಹಿಡಿದರೆ ಬಿಡುವ ಜಾಯಮಾನ ಅವಳದಲ್ಲ.

ಬೀದಿ ಸುದ್ದಿ ಈ ಸಮಾಜದ ಹಳೆಯ ಪದ್ಧತಿ. ದೊಡ್ಡ ಸಿನಿಮಾಕ್ಕೆ ಮುಂಚೆ ಬಡಾವಣೆಯದೇ ಒಂದು ಪುಟ್ಟ ಚಿತ್ರ. ಧ್ವನಿ ಇಲ್ಲ, ಅಕ್ಷರ ಇಲ್ಲ. ತೆರೆಯ ಪಕ್ಕದಲ್ಲಿ ಒಬ್ಬರು ಮೈಕು ಹಿಡಿದು ನಿಂತು, ಚಿತ್ರ ಓಡುತ್ತಿದ್ದ ಹಾಗೆ ಸುದ್ದಿ ಓದುತ್ತಿದ್ದರು. ನಲವತ್ತು ವರ್ಷದ ಹಿಂದೆ ಚಿತ್ರ ತೆಗೆಯುತ್ತಿದ್ದವರು ಬೇರೆ ಊರಿಗೆ ಹೋದರು, ಸಮಾಜ ಬಾಗಿಲು ಹಾಕಿತು, ಲ್ಯಾಬಿನಲ್ಲಿ ತೊಳೆದು ಬಂದ ಕೊನೆಯ ರೀಲುಗಳು ಯಾರೂ ನೋಡದೆ ಅಟ್ಟ ಸೇರಿದವು. ಕಳೆದ ತಿಂಗಳು ಅಟ್ಟ ಗುಡಿಸುವಾಗ ಎರಡು ಡಬ್ಬಿ ಸಿಕ್ಕಿದವು. ಒಂದರ ಮೇಲೆ 'ಬಸ್ ನಿಲ್ದಾಣ', ಇನ್ನೊಂದರ ಮೇಲೆ 'ಉದ್ಯಾನದ ಕೊಳ' ಎಂದು ಬರೆದಿತ್ತು.

ಕೊಳ ಎಂದು ಕೇಳಿದ್ದೇ ಟೈಲರಮ್ಮ ಅಂಗಡಿಗೆ ಬೀಗ ಹಾಕಿ ಓಡಿಬಂದಿದ್ದಳು. ಅವಳ ತಾಯಿಯೂ ಹೊಲಿಗೆಯವಳೇ. ಉದ್ಯಾನದ ಮರದಡಿ ಕೂತು ಬಟ್ಟೆ ಕತ್ತರಿಸುತ್ತಿದ್ದಳಂತೆ. ಮಗಳಿಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ಒಂದು ಫೋಟೊ ಕೂಡ ಇಲ್ಲ. ಮುಖ ಮರೆತೇಹೋಗಿದೆ ಎಂದು ಹೇಳುವಾಗ ಟೈಲರಮ್ಮ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. "ಒಂದಿನ ಅಮ್ಮ ಉದ್ಯಾನದಿಂದ ಮನೆಗೆ ಬಂದು, ನನ್ನನ್ನ ಸಿನಿಮಾ ತೆಗೆದ್ರು ಕಣೇ ಅಂತ ನಕ್ಕಿದ್ದಳು. ಆ ನಗು ಕಿವಿಲಿದೆ. ಮುಖ ಮಾತ್ರ ಇಲ್ಲ."

ಆ ರೀಲು ಈಗ ಮಾಯ.

"ಈ ಕೋಣೆ ಕೀಲಿ ಯಾರ ಹತ್ರ ಇದೆ?" ಸುದ್ದಿಯಕ್ಕ ಆಪರೇಟರನನ್ನು ಪ್ರೊಜೆಕ್ಟರ್ ಕೋಣೆಯಲ್ಲೇ ಹಿಡಿದಳು. ಗೂಡಿನಂಥ ಕೋಣೆ, ಒಂದು ಮೇಜು, ಒಂದು ಫ್ಯಾನು, ಗೋಡೆಗೆ ಆನಿಸಿದ ಕಪಾಟು.

"ನನ್ನ ಹತ್ರ. ಕಾರ್ಯದರ್ಶಿ ಹತ್ರ. ಅಧ್ಯಕ್ಷರ ಹತ್ರ."

"ರೀಲನ್ನ ಕೊನೇ ಸಲ ನೋಡಿದ್ದು ಯಾವಾಗ?"

"ಬುಧವಾರ. ತುದಿ ಮಾತ್ರ ಬೆಳಕಿಗೆ ಹಿಡಿದು ನೋಡ್ದೆ. ನೀರು, ಒಂದು ಮರ. ಓಡಿಸಲಿಲ್ಲ."

"ಓಡಿಸಿದ್ರೆ ಹರಿಯುತ್ತೆ, ನಾನು ಓಡಿಸಲ್ಲ ಅಂತ ಸಭೇಲಿ ಕೂಗಾಡಿದ್ದು ನೀವೇ ಅಲ್ವಾ?"

"ಹರಿದ್ರೆ ನನ್ನ ತಲೆಗೆ ಬರುತ್ತಲ್ಲ ಅಂತ ಕೂಗಾಡ್ದೆ. ಅಡಗಿಸಿಟ್ರೂ ನನ್ನ ತಲೆಗೇ ತಾನೆ ಬರೋದು? ಈಗ ಬಂದಿಲ್ವಾ?"

ಮಾತು ಸರಿಯಾಗಿಯೇ ಇತ್ತು. ಸಿಟ್ಟಿನಲ್ಲಿದ್ದರೂ ಆತ ಕೈಕೆಲಸ ಬಿಟ್ಟಿರಲಿಲ್ಲ; ಬಸ್ ನಿಲ್ದಾಣದ ರೀಲನ್ನು ಹಿಂದಕ್ಕೆ ಸುತ್ತುತ್ತಿದ್ದ. ಅರ್ಧ ಗಂಟೆ ಮುಂಚೆ ಅದನ್ನೇ ಮೊದಲು ಓಡಿಸಿದಾಗ ನಗೆಪಾಟಲಾಗಿತ್ತು. ಬಸ್ಸಿನ ಬೋರ್ಡಿನ ಅಕ್ಷರಗಳೆಲ್ಲ ತಿರುಗುಮುರುಗಾಗಿ, ಚಾಲಕ ಎಡದಲ್ಲಿ ಕುಳಿತಂತೆ ಕಂಡು, ಕಾರ್ಯದರ್ಶಿ "ಇದ್ಯಾವ ದೇಶದ ಬಸ್ಸಪ್ಪಾ" ಎಂದು ಕಾಲೆಳೆದಿದ್ದ.

"ಆಗ ಹಾಗ್ಯಾಕಾಯ್ತು?" ಎಂದು ಕೇಳಿದಳು, ಬರೀ ಕುತೂಹಲಕ್ಕೆ.

"ಮಾತಾಡೋ ಸಿನಿಮಾಕ್ಕೆ ಒಂದೇ ಅಂಚಲ್ಲಿ ತೂತು. ಉಲ್ಟಾ ಹಾಕಿದ್ರೆ ಕೂರೋದೇ ಇಲ್ಲ. ಈ ಮೂಕಿ ರೀಲುಗಳಿಗೆ ಎರಡೂ ಅಂಚಲ್ಲಿ ತೂತು. ಮಗುಚಿ ಹಾಕಿದ್ರೂ ಜುಮ್ಮಂತ ಓಡುತ್ತೆ. ಅಭ್ಯಾಸ ಇದೆ ಅಂತ ಸರಿಯಾಗಿ ನೋಡ್ದೆ ಹಾಕಿದ್ರೆ ನನಗೇ ಹಿಂಗಾಯ್ತು."

ಅವಳು ತಲೆಯಾಡಿಸಿ ಹೊರಬಂದಳು.

ಕಾರ್ಯದರ್ಶಿ ಹೊರಗಿನ ವರಾಂಡದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಹಳೆಯ ರೀಲುಗಳನ್ನು ದೊಡ್ಡ ಊರಿನ ಚಿತ್ರ ಸಂಗ್ರಹಾಲಯಕ್ಕೆ ಕಳಿಸಬೇಕೆಂದು ಹಟ ಹಿಡಿದವನು ಇವನು.

"ಕಳಿಸಿಬಿಟ್ರಾ?" ನೇರವಾಗಿ ಕೇಳಿದಳು.

"ಅಕ್ಕ, ನಾನೇನು ಅಷ್ಟು ಕಟುಕನಾ? ಟೈಲರಮ್ಮ ನೋಡಿದ ಮೇಲೆ ಕಳಿಸೋಣ ಅಂತ ಅವರಿಗೇ ಹೇಳಿದೀನಿ." ಕುರ್ಚಿ ಕೆಳಗಿಟ್ಟ. "ಒಂದು ಮಾತು. ಗುರುವಾರ ಸಂಜೆ ಕುರ್ಚಿ ನೋಡ್ಕೊಂಡು ಹೋಗೋಕೆ ಬಂದಿದ್ದೆ. ಪ್ರೊಜೆಕ್ಟರ್ ಕೋಣೆ ಬಾಗಿಲು ಮುಚ್ಚಿತ್ತು. ಒಳಗೆ ಯಂತ್ರ ಓಡೋ ಸದ್ದು. ಆಪರೇಟರಣ್ಣ ಇರಬೇಕು ಅಂದ್ಕೊಂಡು ಹೋಗ್ಬಿಟ್ಟೆ."

"ಗುರುವಾರ ಆಪರೇಟರ್ ಮಗಳ ಮನೆಗೆ ಹೋಗಿದ್ರು. ಮೊಮ್ಮಗಳ ಜೊತೆ ರಾತ್ರಿ ಬಸ್ಸಲ್ಲಿ ವಾಪಸ್ ಬರೋವಾಗ ನಾನೇ ನೋಡಿದೀನಿ."

"ಹಾಗಾದ್ರೆ ಒಳಗಿದ್ದೋರು ಯಾರು?"

ಸುದ್ದಿಯಕ್ಕನ ತಲೆಯಲ್ಲೂ ಅದೇ ಪ್ರಶ್ನೆ. ಅದಕ್ಕಿಂತ ದೊಡ್ಡದು ಇನ್ನೊಂದು. ಕದಿಯುವವರು ಡಬ್ಬಿಯಿಂದ ಎತ್ತಿಕೊಂಡು ಹೋಗುತ್ತಾರೆ. ಇವರು ಕೂತು ನೋಡಿದ್ದಾರೆ. ನೋಡಿದ ಮೇಲೆ ಕದ್ದಿದ್ದಾರೆ. ಅಂದರೆ, ಬೇಕಾದದ್ದು ರೀಲಲ್ಲ. ಅದರಲ್ಲಿರುವ ಏನೋ ಒಂದು ಯಾರ ಕಣ್ಣಿಗೂ ಬೀಳಬಾರದು. ಮರ, ನೀರು, ಬಟ್ಟೆ ಕತ್ತರಿಸುವ ಹೆಂಗಸು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ಉಳಿದದ್ದು ಅಧ್ಯಕ್ಷರು. ಅವರನ್ನು ಪ್ರಶ್ನಿಸಲು ಅವಳಿಗೆ ನಾಲಿಗೆಯೇ ಏಳಲಿಲ್ಲ.

ಬಡಾವಣೆಗೆ ಅವರು ಈಜು ಮೇಷ್ಟ್ರು. ಸಾರ್ವಜನಿಕ ಈಜುಕೊಳದಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಕೈಕಾಲು ಬಡಿಯುವುದನ್ನು ಕಲಿಸಿದವರು, ಕಾಸು ಮುಟ್ಟದೆ. ಸುದ್ದಿಯಕ್ಕನಿಗೆ ಅವರು ಅದಕ್ಕೂ ಮಿಗಿಲು. ಮೂರು ವರ್ಷದವಳಿದ್ದಾಗ ಅವಳು ಉದ್ಯಾನದ ಕೊಳಕ್ಕೆ ಬಿದ್ದಿದ್ದಳು. ಮೇಷ್ಟ್ರು ಎತ್ತಿ ತಂದು ಮನೆಗೆ ಒಪ್ಪಿಸಿದ್ದರು. ಅಪ್ಪ ಸಾಯುವವರೆಗೂ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಪ್ರತಿ ಬೇಸಿಗೆಯ ಮೊದಲ ಹಾಳೆಯಲ್ಲಿ ಮೇಷ್ಟ್ರ ಫೋಟೊ ಹಾಕಿ, ಕೆಳಗೆ 'ಈ ಹಾಳೆ ಬರೆಯುವ ಕೈ ಇವರು ಉಳಿಸಿದ್ದು' ಎಂದು ಅವಳು ತಪ್ಪದೆ ಬರೆಯುತ್ತಿದ್ದಳು.

ಆದರೂ ಕೇಳಿದಳು. ಕೇಳದಿದ್ದರೆ ಅವಳು ಸುದ್ದಿಯಕ್ಕನೇ ಅಲ್ಲ.

"ಮೇಷ್ಟ್ರೇ, ಎಲ್ಲರನ್ನೂ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ. ಗುರುವಾರ ಸಂಜೆ ಎಲ್ಲಿದ್ರಿ?"

"ಎಲ್ಲಿರ್ತೀನಿ ಮಗಳೇ? ಎಲ್ಲರಿಗೂ ಗೊತ್ತಿರೋದೇ. ಮಕ್ಕಳ ಜೊತೆ ನೀರಲ್ಲಿ."

"ಆ ರೀಲು ನೋಡಿದೀರಾ?"

"ಇಲ್ಲ."

"ಟೈಲರಮ್ಮನ ತಾಯಿ ನಿಮಗೆ ಪರಿಚಯ ಇತ್ತಾ?"

"ಇಲ್ಲಮ್ಮ. ಅವರನ್ನ ನಾನು ಕಂಡೇ ಇಲ್ಲ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಪಾಪ, ಆ ಹುಡುಗಿ ಎಷ್ಟು ಆಸೆ ಇಟ್ಕೊಂಡಿದ್ದಳು."

ಐವತ್ತರ ಹತ್ತಿರ ಬಂದ ಟೈಲರಮ್ಮ ಅವರಿಗೆ ಇನ್ನೂ ಹುಡುಗಿ. ಅವರ ದನಿಯಲ್ಲಿದ್ದ ಮರುಕ ನಿಜವಾದದ್ದು, ಅದರಲ್ಲಿ ಅನುಮಾನವಿರಲಿಲ್ಲ.

ಮರುದಿನ ಬೆಳಿಗ್ಗೆ ಸುದ್ದಿಯಕ್ಕ ಟೈಲರಮ್ಮನ ಅಂಗಡಿಗೆ ಹೋದಳು, ಸಮಾಧಾನ ಹೇಳಲು. ಹೋಗಿ ನೋಡಿದರೆ ಟೈಲರಮ್ಮ ಹಾಡು ಗುನುಗುತ್ತ ಬಟ್ಟೆ ಕತ್ತರಿಸುತ್ತಿದ್ದಳು. ಎಡಗೈಯಲ್ಲಿ.

"ಏನು, ಖುಷಿಯಾಗಿದ್ದೀರಲ್ಲ?"

"ಅರ್ಧ ಅಮ್ಮ ಸಿಕ್ಕಿದಳು ಅಕ್ಕ." ಟೈಲರಮ್ಮ ತನ್ನ ಎಡಗೈ ಎತ್ತಿ ತೋರಿಸಿದಳು. "ನಿನ್ನೆ ನಾನು ಅಳ್ತಾ ಕೂತಿದ್ದಾಗ ಮೇಷ್ಟ್ರು ಹತ್ರ ಬಂದು ಕೂತ್ರು. ನಿನ್ನ ತಾಯಿನೂ ನಿನ್ನ ಹಾಗೇ ಎಡಗೈಲಿ ಕತ್ತರಿ ಹಿಡೀತಿದ್ರು, ಕುತ್ತಿಗೆ ಒಂದು ಪಕ್ಕಕ್ಕೆ ವಾಲಿಸಿ ಕತ್ತರಿಸ್ತಿದ್ರು, ನಿನ್ನನ್ನ ನೋಡಿದ್ರೆ ಅವರನ್ನ ನೋಡಿದ ಹಾಗೇ ಅಂದ್ರು. ಎಳವೇಲಿ ಈ ಎಡಗೈಗೆ ಎಷ್ಟು ಏಟು ತಿಂದಿದೀನಿ ಗೊತ್ತಾ. ಅಮ್ಮನಿಂದ ಬಂದಿದ್ದು ಅಂತ ಗೊತ್ತಿದ್ರೆ ಅಳ್ತಾನೇ ಇರಲಿಲ್ಲ."

ಸುದ್ದಿಯಕ್ಕ ಆ ಎಡಗೈಯನ್ನೇ ನೋಡಿದಳು. ನಿನ್ನೆ ಮೇಷ್ಟ್ರು, ಕಂಡೇ ಇಲ್ಲ ಎಂದಿದ್ದರು.

ಗೋಡೆಯ ಮೊಳೆಗೆ ಒಂದು ಹಳೆಯ ದೊಡ್ಡ ಕತ್ತರಿ ನೇತುಹಾಕಿತ್ತು. ಹಿಡಿಯ ಕಪ್ಪು ಬಣ್ಣ ಸವೆದು ಕಬ್ಬಿಣ ಕಾಣುತ್ತಿತ್ತು.

"ಅದು ಅಮ್ಮಂದು," ಎಂದಳು ಟೈಲರಮ್ಮ. "ಸಾಣೆ ಹಿಡಿಸಿ ಇಟ್ಟಿದೀನಿ. ಆದ್ರೆ ನನ್ನ ಕೈಗೆ ಒಗ್ಗಲೇ ಇಲ್ಲ. ಬಟ್ಟೆ ಕತ್ತರಿಸೋ ಬದಲು ಅಲಗಿನ ಮಧ್ಯೆ ಮಡಚಿಕೊಳ್ಳುತ್ತೆ."

"ನಾನು ನೋಡ್ಲಾ?"

ಸುದ್ದಿಯಕ್ಕ ಅದನ್ನು ಬಲಗೈಗೆ ಹಾಕಿಕೊಂಡಳು. ಹೆಬ್ಬೆರಳು ಹಿಡಿಯ ಸವೆತದಲ್ಲಿ ಸರಿಯಾಗಿ ಕೂತಿತು. ಚಿಂದಿ ಬಟ್ಟೆಯೊಂದು ಸರ್ರನೆ ಎರಡಾಯಿತು. ಎಡಗೈಗೆ ಬದಲಿಸಿದಳು. ಬಟ್ಟೆ ಮಡಚಿಕೊಂಡಿತು.

ಈ ಕತ್ತರಿ ಹಿಡಿದು ಜೀವನ ಸಾಗಿಸಿದವಳು ಎಡಗೈಯವಳಾಗಿರಲು ಸಾಧ್ಯವೇ ಇಲ್ಲ.

"ಟೈಲರಮ್ಮ, ಅಮ್ಮ ಸಿನಿಮಾ ತೆಗೆದ್ರು ಅಂತ ನಕ್ಕ ದಿನ, ಇನ್ನೇನಾದ್ರೂ ನೆನಪಿದೆಯಾ?"

"ತಲೆ ಒದ್ದೆಯಾಗಿತ್ತು. ಬಟ್ಟೆನೂ. ಯಾಕಮ್ಮ ಅಂದ್ರೆ, ಸೆಖೆ ಅಂತ ಸ್ನಾನ ಮಾಡ್ಕೊಂಡೆ ಅಂದಳು."

ಸುದ್ದಿಯಕ್ಕ ಕತ್ತರಿಯನ್ನು ಮೊಳೆಗೆ ಹಾಕಿ ಹೊರಟಳು. ಉದ್ಯಾನದ ಮುಂದೆ ಹಾದು ಹೋಗುವಾಗ ಅವಳಿಗೆ ಒಳಗೆ ನೋಡಲು ಮನಸ್ಸಾಗಲಿಲ್ಲ. ಅವಳು ಜೀವನದಲ್ಲಿ ಮೊದಲ ಬಾರಿಗೆ, ಒಂದು ಸುದ್ದಿ ಸುಳ್ಳಾಗಲಿ ಎಂದು ಬಯಸಿದಳು.

ಭಾನುವಾರ ಸಂಜೆ ಭವನ ತುಂಬುತ್ತಿತ್ತು. ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್, ಕಾರ್ಯದರ್ಶಿ, ಮೇಷ್ಟ್ರು ಮತ್ತು ಟೈಲರಮ್ಮ ಒತ್ತೊತ್ತಾಗಿ ನಿಂತಿದ್ದರು. ಸುದ್ದಿಯಕ್ಕ ಬಾಗಿಲು ಮುಂದೆ ಮಾಡಿದಳು.

"ರೀಲು ತಗೊಂಡೋರು ಅದನ್ನ ಓಡಿಸಿ ನೋಡಿದಾರೆ. ಗುರುವಾರ ಸಂಜೆ, ಇಲ್ಲೇ. ಆದ್ರೆ ಅವರಿಗೆ ಯಂತ್ರ ನೋಡಿ ಗೊತ್ತು, ಮಾಡಿ ಗೊತ್ತಿಲ್ಲ. ರೀಲನ್ನ ಮಗುಚಿ ಹಾಕಿದ್ರು."

"ನಿಮಗೆ ಹೇಗೆ ಗೊತ್ತು?" ಎಂದ ಕಾರ್ಯದರ್ಶಿ.

"ಬಸ್ಸಿನ ರೀಲು ಉಲ್ಟಾ ಬಂದಾಗ ನಮಗೆ ಗೊತ್ತಾಗಿದ್ದು ಬೋರ್ಡಿನ ಅಕ್ಷರದಿಂದ. ಕೊಳದ ರೀಲಲ್ಲಿ ಅಕ್ಷರ ಎಲ್ಲಿಂದ ಬರಬೇಕು? ಮರ ಮಗುಚಿದ್ರೂ ಮರವೇ. ನೀರು ಮಗುಚಿದ್ರೂ ನೀರೇ. ಆದ್ರೆ ಬಲಗೈ ಮಗುಚಿದ್ರೆ ಎಡಗೈ." ಅವಳು ಟೈಲರಮ್ಮನ ಕಡೆ ತಿರುಗಿದಳು. "ತಪ್ಪು ತಿಳೀಬೇಡಿ. ನಿಮ್ಮಮ್ಮ ಬಲಗೈಯವರು. ಆ ಕತ್ತರಿ ಬಲಗೈ ಕತ್ತರಿ. ಅದಕ್ಕೇ ನಿಮಗೆ ಒಗ್ಗಲಿಲ್ಲ. ಅವರು ಎಡಗೈಲಿ ಕತ್ತರಿಸಿದ್ದನ್ನ ಕಂಡೋರು ಈ ಲೋಕದಲ್ಲಿ ಒಬ್ಬರೇ ಇರೋಕೆ ಸಾಧ್ಯ. ಮಗುಚಿ ಹಾಕಿದ ಆ ರೀಲು ನೋಡಿದೋರು."

ಟೈಲರಮ್ಮನ ಕಣ್ಣು ನಿಧಾನವಾಗಿ ಮೇಷ್ಟ್ರ ಕಡೆ ಹೊರಳಿತು.

"ಮೇಷ್ಟ್ರೇ," ಎಂದಳು ಸುದ್ದಿಯಕ್ಕ. "ಗುರುವಾರ ಈಜುಕೊಳ ಬಂದ್ ಇತ್ತು. ಅದನ್ನ ಅಚ್ಚು ಹಾಕಿ ಬಾಗಿಲಿಗೆ ಅಂಟಿಸಿದ್ದೇ ನಾನು. ನೀವು ಮಕ್ಕಳ ಜೊತೆ ನೀರಲ್ಲಿದ್ದೆ ಅಂದಾಗ, ನೀವು ಹೇಳಿದ್ದು ಅಂತ ನಂಬಿಬಿಟ್ಟೆ. ಬೇರೆ ಯಾರು ಹೇಳಿದ್ರೂ ಅಲ್ಲೇ ಹಿಡೀತಿದ್ದೆ."

ಹೊರಗೆ ಕುರ್ಚಿ ಎಳೆಯುವ ಸದ್ದು.

"ಆ ರೀಲಲ್ಲಿ ನಾನೂ ಇದೀನಿ," ಎಂದರು ಮೇಷ್ಟ್ರು. "ಉಲ್ಟಾ ಇದೆ ಅಂತ ನನಗೆ ಅನ್ನಿಸಲೇ ಇಲ್ಲ."

"ಕನ್ನಡೀಲಿ ದಿನಾ ನೋಡೋ ಮುಖವೇ ಅಲ್ವಾ ಕಾಣಿಸಿದ್ದು," ಎಂದಳು ಸುದ್ದಿಯಕ್ಕ.

ಅವರು ತಮ್ಮ ಈಜಿನ ಚೀಲಕ್ಕೆ ಕೈ ಹಾಕಿ, ಟವೆಲಿನಲ್ಲಿ ಸುತ್ತಿದ ರೀಲನ್ನು ತೆಗೆದು ಮೇಜಿನ ಮೇಲಿಟ್ಟರು. "ಸುಟ್ಟುಹಾಕೋಣ ಅಂತ ಎರಡು ಸಲ ಬೆಂಕಿಪೊಟ್ಟಣ ತೆಗೆದೆ. ಆಗಲಿಲ್ಲ. ಈ ಹುಡುಗಿ ಅಳೋದು ನೋಡೋಕಾಗದೆ ಕೈ ವಿಷಯ ಹೇಳ್ದೆ. ಅಷ್ಟಾದ್ರೂ ಅವಳಿಗೆ ಸಿಗಲಿ ಅಂತ." ಸುದ್ದಿಯಕ್ಕನ ಮುಖ ನೋಡಿದರು. "ಮಗಳೇ, ಇದನ್ನ ನೀನು ಮೊದಲು ಒಬ್ಬಳೇ ನೋಡು."

"ಇಲ್ಲ ಮೇಷ್ಟ್ರೇ. ಎಲ್ಲರ ಜೊತೆ ನೋಡ್ತೀನಿ. ಬೀದಿ ಸುದ್ದಿ ಅಲ್ವಾ ಇದು?"

ಅವಳು ಮೈಕು ಹಿಡಿದು ತೆರೆಯ ಪಕ್ಕ ನಿಂತಳು. ದೀಪ ಆರಿತು. ಆಪರೇಟರ್ ಈ ಸಲ ಪಟ್ಟಿಯನ್ನು ಎರಡೆರಡು ಬಾರಿ ಬೆಳಕಿಗೆ ಹಿಡಿದು ನೋಡಿ ಹಾಕಿದ್ದ.

ಮರ ಬಂತು. ಮರದಡಿ ಒಬ್ಬ ಹೆಂಗಸು, ಮಡಿಲ ತುಂಬ ಬಟ್ಟೆ, ಬಲಗೈಯಲ್ಲಿ ಕತ್ತರಿ. ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತ್ತು. ಮೊದಲ ಸಾಲಿನಿಂದ ಒಂದು ಸಣ್ಣ ದನಿ ಹೊರಟು ನಿಂತಿತು. ಕೈ ಬೇರೆಯಾದರೇನು, ಆ ಕುತ್ತಿಗೆ ಟೈಲರಮ್ಮನದೇ ಆಗಿತ್ತು.

"ಇದು ಉದ್ಯಾನದ ಕೊಳ," ಎಂದು ಸುದ್ದಿಯಕ್ಕ ಓದುವ ದನಿಯಲ್ಲಿ ಶುರು ಮಾಡಿದಳು. "ಮರದಡಿ ಕೂತಿರುವವರು ನಮ್ಮ ಟೈಲರಮ್ಮನ ತಾಯಿ."

ಚಿತ್ರ ಪಕ್ಕಕ್ಕೆ ಸರಿಯಿತು. ಕೊಳದ ದಂಡೆಯಲ್ಲಿ ಒಬ್ಬ ಯುವಕ, ಕೈಯಲ್ಲಿ ಕಳಚಿದ ಬೂಟು. ಮೆಟ್ಟಿಲ ಮೇಲೆ ಬಿಳಿ ಫ್ರಾಕಿನ ಮಗುವೊಂದು ಯಾವುದನ್ನೋ ಹಿಡಿಯಲು ಬಗ್ಗಿತು. ಆಮೇಲೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಸುದ್ದಿಯಕ್ಕನ ಮಾತು ನಿಂತಿತು.

ಯುವಕ ಒಂದು ಹೆಜ್ಜೆ ಮುಂದಿಟ್ಟ, ಒಂದು ಹೆಜ್ಜೆ ಹಿಂದಿಟ್ಟ. ಬೂಟು ಕೈಯಲ್ಲೇ ಇತ್ತು. ಅವನ ಪಕ್ಕದಿಂದ ಆ ಹೆಂಗಸು ಓಡಿಬಂದು, ಉಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದಳು. ಚಿತ್ರ ಅಲುಗಾಡಿ, ಹುಲ್ಲು ಕಂಡು, ಆಕಾಶ ಕಂಡು, ಮತ್ತೆ ನೀರಿಗೆ ಬಂತು. ಎದೆಮಟ್ಟದ ನೀರಿನಲ್ಲಿ ಅವಳು ಎದ್ದು ನಿಂತಿದ್ದಳು. ಭುಜದ ಮೇಲೆ ಮಗು ಕೆಮ್ಮುತ್ತಿತ್ತು. ಅದನ್ನು ಯುವಕನ ಕೈಗೆ ಕೊಟ್ಟು, ಎಲ್ಲಿಗೋ ಬೆರಳು ತೋರಿಸಿ ಬೇಗ ಹೋಗು ಎಂದಳು. ಆಮೇಲೆ ಕೂದಲು ಹಿಂಡಿಕೊಂಡು, ಕ್ಯಾಮೆರಾ ಕಂಡು, ನಾಚಿ ನಕ್ಕಳು. ತೆರೆ ಬೆಳ್ಳಗಾಯಿತು.

ಬಾಗಿಲ ಬಳಿಯಿಂದ ಮೇಷ್ಟ್ರ ದನಿ ಬಂತು, ಮೈಕಿಲ್ಲದೆ.

"ನನಗೆ ಆಗ ಈಜು ಬರ್ತಿರಲಿಲ್ಲ. ಮಗುನ ಎತ್ಕೊಂಡು ಹೋಗಿದ್ದಕ್ಕೆ ನನ್ನ ಅಂಗಿನೂ ಒದ್ದೆಯಾಗಿತ್ತು. ಇವಳ ಅಪ್ಪ ನನ್ನನ್ನ ತಬ್ಬಿಕೊಂಡ್ರು. ನಾನಲ್ಲ ಅನ್ನೋಕೆ ಒಂದು ಗಳಿಗೆ ಇತ್ತು. ಅನ್ನಲಿಲ್ಲ. ಮಾರನೇ ವಾರವೇ ಈಜು ಕಲಿಯೋಕೆ ಸೇರಿದೆ. ಹೇಳೋಣ ಅನ್ನೋಷ್ಟರಲ್ಲಿ ಆಕೆ ತೀರಿಕೊಂಡಿದ್ರು."

ಭವನದಲ್ಲಿದ್ದವರಲ್ಲಿ ಅರ್ಧ ಜನ ಅವರ ಹತ್ತಿರವೇ ಈಜು ಕಲಿತವರು.

ಸುದ್ದಿಯಕ್ಕ ಮೈಕನ್ನು ಮತ್ತೆ ಬಾಯಿಗೆ ತಂದಳು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು; ಯಾವುದು ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ. ಅದನ್ನು ಮಾಡಿದಳು.

"ಒಂದು ತಿದ್ದುಪಡಿ. ಈ ಬಡಾವಣೆಯ ಹಾಳೆಯಲ್ಲಿ ಪ್ರತಿ ವರ್ಷ ಅಚ್ಚಾಗುತ್ತಿದ್ದ ಸುದ್ದಿಯೊಂದು ತಪ್ಪಾಗಿತ್ತು. ಆ ಮಗು ನಾನು. ನನ್ನನ್ನು ನೀರಿನಿಂದ ಎತ್ತಿದವರು ಟೈಲರಮ್ಮನ ತಾಯಿ. ತಪ್ಪಿಗಾಗಿ ಸಂಪಾದಕಿ ವಿಷಾದಿಸುತ್ತಾಳೆ."

ಟೈಲರಮ್ಮ ಎದ್ದು ಬಂದಳು. ಸುದ್ದಿಯಕ್ಕನ ಮುಖವನ್ನು ಎರಡು ಕೈಯಲ್ಲೂ ಹಿಡಿದು, ಹೊಸದಾಗಿ ಹೊಲಿದ ಬಟ್ಟೆಯ ಅಳತೆ ನೋಡುವ ಹಾಗೆ ನೋಡಿದಳು.

"ಸೆಖೆ ಅಂತ ಸ್ನಾನ ಮಾಡಿದ್ಲಂತೆ," ಎಂದಳು. "ಎಂಥಾ ಸುಳ್ಳಿ ನಮ್ಮಮ್ಮ."

ಆಮೇಲೆ ಹಿಂದಕ್ಕೆ ತಿರುಗಿ, ಆಪರೇಟರನ ಗೂಡಿನ ಕಡೆ ಕೂಗಿದಳು. "ಇನ್ನೊಂದು ಸಲ ಹಾಕ್ತೀರಾ?"

ರೀಲು ಹಿಂದಕ್ಕೆ ಸುತ್ತುವ ಸದ್ದು ಕೇಳಿಸಿತು. ಮೇಷ್ಟ್ರು ಬಾಗಿಲ ಬಳಿ ಇನ್ನೂ ನಿಂತೇ ಇದ್ದರು, ಹೊರಗಿನ ಬೆಳಕು ಅವರ ಹಿಂದಿನಿಂದ ತೆರೆಯ ಮೇಲೆ ಬೀಳುತ್ತಿತ್ತು.

"ಮೇಷ್ಟ್ರೇ, ಬಾಗಿಲು ಹಾಕಿ ಕೂತ್ಕೊಳ್ಳಿ," ಎಂದಳು ಟೈಲರಮ್ಮ. ದನಿಯಲ್ಲಿ ಕ್ಷಮೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. "ಬೆಳಕು ಬಿದ್ರೆ ಅಮ್ಮನ ಮುಖ ಕಾಣಲ್ಲ."

ಅವರು ಬಾಗಿಲು ಹಾಕಿ, ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕುಳಿತರು. ಸುದ್ದಿಯಕ್ಕ ಮೈಕನ್ನು ಮೇಜಿನ ಮೇಲಿಟ್ಟು, ಮೊದಲ ಸಾಲಿಗೆ ಹೋಗಿ ಟೈಲರಮ್ಮನ ಪಕ್ಕ ಕುಳಿತಳು. ಎರಡನೇ ಸಲ ಚಿತ್ರ ಓಡಿದಾಗ ಸುದ್ದಿ ಓದುವವರು ಯಾರೂ ಇರಲಿಲ್ಲ.